ಮರುಕಳಿಸಿದ ಲಿಂಫೋಮಾ: ಅಮೆರಿಕದ ಮಾಜಿ ಸೈನಿಕರ ಕಡತಗಳು ಹೇಳುವುದೇನು

ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ ಬಹಳ ಬೇಗ ಬೆಳೆಯುವ ಕ್ಯಾನ್ಸರ್. ಕುತ್ತಿಗೆಯಲ್ಲೋ ಕಂಕುಳಲ್ಲೋ ತೊಡೆಸಂದಿಯಲ್ಲೋ ಕಾಣಿಸಿಕೊಂಡ ಗಡ್ಡೆ ವಾರಗಳಲ್ಲೇ ದೊಡ್ಡದಾಗುತ್ತದೆ. ರಾತ್ರಿ ಮೈಯೆಲ್ಲ ಬೆವರುತ್ತದೆ, ತೂಕ ಇಳಿಯುತ್ತದೆ. ಚಿಕಿತ್ಸೆ ಸಿಗದಿದ್ದರೆ ಉಳಿಯುವುದು ಕೆಲವೇ ತಿಂಗಳು. ಹೀಗಿದ್ದರೂ ವೈದ್ಯರು ಇದನ್ನು ಗುಣವಾಗಬಲ್ಲ ಕ್ಯಾನ್ಸರ್‌ಗಳ ಸಾಲಿಗೆ ಸೇರಿಸುತ್ತಾರೆ. ಆರ್-ಚಾಪ್ ಎಂಬ ಐದು ಔಷಧಗಳ ಚಿಕಿತ್ಸೆಯನ್ನು ಮೂರು ವಾರಕ್ಕೊಮ್ಮೆ ಆರು ಸಲ ಕೊಟ್ಟರೆ ಹತ್ತರಲ್ಲಿ ಸುಮಾರು ಆರು ಮಂದಿ ಗುಣವಾಗುತ್ತಾರೆ. ಈ ಲೇಖನ ಉಳಿದ ನಾಲ್ವರ ಕುರಿತದ್ದು. ಅವರಲ್ಲೂ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿ, ಈಗ ಅಲ್ಲಿನ ವೆಟರನ್ಸ್ ಆರೋಗ್ಯ ಆಡಳಿತದ ಆಸ್ಪತ್ರೆಗಳಿಗೆ ಹೋಗುವ ಮಾಜಿ ಸೈನಿಕರ ಕುರಿತದ್ದು.

ಇವರನ್ನೇ ಆರಿಸಿಕೊಳ್ಳಲು ಕಾರಣವಿದೆ. ಹೊಸ ಔಷಧದ ಪ್ರಯೋಗಕ್ಕೆ ಸೇರುವ ರೋಗಿಗಳನ್ನು ಸೋಸಿ ತೆಗೆದಿರುತ್ತಾರೆ. ಹೃದಯ ಗಟ್ಟಿಯಿರಬೇಕು, ಮೂತ್ರಪಿಂಡ ಸರಿಯಿರಬೇಕು, ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಶಕ್ತಿ ಇರಬೇಕು, ದೊಡ್ಡ ಆಸ್ಪತ್ರೆಗೆ ಪದೇಪದೇ ಬಂದುಹೋಗುವ ಅನುಕೂಲವೂ ಇರಬೇಕು. ವೆಟರನ್ಸ್ ಆಸ್ಪತ್ರೆಗೆ ಬರುವ ಲಿಂಫೋಮಾ ರೋಗಿ ಸಾಮಾನ್ಯವಾಗಿ ಅಂಥವನಲ್ಲ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಗಂಡಸರು, ಬಹುತೇಕರಿಗೆ ಅರವತ್ತು ದಾಟಿದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ವರ್ಷಗಟ್ಟಲೆ ಸಿಗರೇಟು ಸೇದಿ ಹದಗೆಟ್ಟ ಶ್ವಾಸಕೋಶ, ಯುದ್ಧ ಬಿಟ್ಟುಹೋದ ಮಾನಸಿಕ ಗಾಯ, ಇವುಗಳಲ್ಲಿ ಒಂದೆರಡಾದರೂ ಜೊತೆಗಿರುತ್ತವೆ. ಈ ವ್ಯವಸ್ಥೆಯಲ್ಲಿ ಸುಮಾರು 90 ಲಕ್ಷ ಮಂದಿ ನೋಂದಾಯಿಸಿಕೊಂಡಿದ್ದಾರೆ. 170ರ ಆಸುಪಾಸಿನಲ್ಲಿ ಆಸ್ಪತ್ರೆಗಳಿವೆ, ಸಾವಿರಕ್ಕೂ ಹೆಚ್ಚು ಹೊರರೋಗಿ ಕ್ಲಿನಿಕ್‌ಗಳಿವೆ. 1980ರ ದಶಕದಿಂದಲೇ ಕಡತಗಳು ಕಂಪ್ಯೂಟರ್‌ಗೆ ಏರಿವೆ. ಖಾಸಗಿ ವಿಮೆಯ ಅಮೆರಿಕದಲ್ಲಿ ರೋಗಿ ವಿಮೆ ಬದಲಾಯಿಸಿದರೆ ಅವನ ಕಥೆ ಅಲ್ಲಿಗೇ ತುಂಡಾಗುತ್ತದೆ. ವೆಟರನ್ಸ್ ವ್ಯವಸ್ಥೆಯಲ್ಲಿ ಅದೇ ಮನುಷ್ಯನನ್ನು ಹದಿನೈದು ಇಪ್ಪತ್ತು ವರ್ಷ ಹಿಂಬಾಲಿಸಬಹುದು. ಮೇಲಾಗಿ ಚಿಕಿತ್ಸೆಯ ಖರ್ಚಿನ ಬಹುಪಾಲನ್ನು ಸರ್ಕಾರ ಹೊರುತ್ತದೆ. ಹಣದ ಅಡ್ಡಿಯನ್ನು ತೆಗೆದುಹಾಕಿದ ಮೇಲೂ ಯಾರು ಬದುಕುತ್ತಾರೆ, ಯಾರು ಬದುಕುವುದಿಲ್ಲ ಎಂದು ನೋಡಲು ಇಷ್ಟು ದೊಡ್ಡ ಅವಕಾಶ ಬೇರೆಡೆ ಸಿಗುವುದು ಕಷ್ಟ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ಎಂಟು ವರ್ಷಗಳಲ್ಲಿ ಈ ಕಾಯಿಲೆಗೆ ಬಂದಷ್ಟು ಹೊಸ ಔಷಧಗಳು ಹಿಂದಿನ ನಲವತ್ತು ವರ್ಷಗಳಲ್ಲಿ ಬಂದಿರಲಿಲ್ಲ. ಆದರೆ ಮಾಜಿ ಸೈನಿಕನ ಆಯುಷ್ಯವನ್ನು ನಿರ್ಧರಿಸುತ್ತಿರುವುದು ಔಷಧ ಇದೆಯೇ ಎಂಬುದಕ್ಕಿಂತ ಹೆಚ್ಚಾಗಿ, ಕಾಯಿಲೆ ಮರುಕಳಿಸಿದ ಮೊದಲ ಕೆಲವು ವಾರಗಳಲ್ಲಿ ಅವನು ಆ ಔಷಧದ ಬಾಗಿಲಿಗೆ ತಲುಪುತ್ತಾನೆಯೇ ಎಂಬುದು.

ಹಿಂದಿನದನ್ನು ಸ್ವಲ್ಪ ನೋಡೋಣ. 1970ರ ದಶಕದಲ್ಲಿ ಚಾಪ್ ಎಂಬ ನಾಲ್ಕು ಔಷಧಗಳ ಕೀಮೊಥೆರಪಿ ಬಳಕೆಗೆ ಬಂತು. ಮುಂದಿನ ವರ್ಷಗಳಲ್ಲಿ ಅದಕ್ಕಿಂತ ಉಗ್ರವಾದ, ಅದಕ್ಕಿಂತ ದುಬಾರಿಯಾದ ಹಲವು ಸಂಯೋಜನೆಗಳನ್ನು ಕಟ್ಟಿದರು. 1993ರಲ್ಲಿ ಸುಮಾರು 900 ರೋಗಿಗಳ ಮೇಲೆ ನಡೆದ ಅಮೆರಿಕದ ಪ್ರಯೋಗ ಅಂಥ ಮೂರನ್ನು ಚಾಪ್‌ನೊಂದಿಗೆ ಹೋಲಿಸಿ, ಯಾವುದೂ ಹೆಚ್ಚು ಜೀವ ಉಳಿಸುವುದಿಲ್ಲ ಎಂದು ತೋರಿಸಿತು. ಚಾಪ್ ಗೆದ್ದದ್ದು ಅದರ ವಿಷ ಕಡಿಮೆ ಎಂಬ ಕಾರಣಕ್ಕೆ. ನಿಜವಾದ ಏರಿಕೆ ಕಂಡದ್ದು ರಿಟುಕ್ಸಿಮ್ಯಾಬ್ ಸೇರಿದ ಮೇಲೆ. ಬಿ ಜೀವಕೋಶಗಳ ಮೈಮೇಲಿನ ಸಿಡಿ20 ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯ ಇದು. ಫ್ರಾನ್ಸಿನ ಬರ್ಟ್ರಾಂಡ್ ಕೊಯಿಫಿಯೆ ಮತ್ತು ಸಂಗಡಿಗರು 60ರಿಂದ 80 ವರ್ಷದ 399 ರೋಗಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷದ ಬದುಕುಳಿಯುವಿಕೆ ಶೇ 57ರಿಂದ ಶೇ 70ಕ್ಕೆ ಏರಿತು. ಅಂದಿನಿಂದ ಆರ್-ಚಾಪ್ ಜಗತ್ತಿನೆಲ್ಲೆಡೆ ಮೊದಲ ಚಿಕಿತ್ಸೆ. ಎಂಬತ್ತು ದಾಟಿದವರಿಗೆ ಇದೇ ಚಿಕಿತ್ಸೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಡುವ ಮಿನಿ-ಚಾಪ್ ಪ್ರಯೋಗವೂ ಫ್ರಾನ್ಸಿನದೇ. 2011ರ ಆ ವರದಿಯಲ್ಲಿ ಶೇ 59ರಷ್ಟು ಮಂದಿ ಎರಡು ವರ್ಷ ಬದುಕಿದ್ದರು. ವಯಸ್ಸನ್ನು ಕಂಡೇ ಚಿಕಿತ್ಸೆ ಕೈಬಿಡುವವರಿಗೆ ಈ ಅಂಕಿಯನ್ನು ತೋರಿಸಬೇಕು.

ಮರುಕಳಿಸಿದಾಗ ಏನು ಮಾಡಬೇಕು ಎಂಬುದಕ್ಕೆ ಎರಡು ದಶಕ ಒಂದೇ ಉತ್ತರವಿತ್ತು: ಇನ್ನೂ ಬಲವಾದ ಕೀಮೊ ಕೊಟ್ಟು ಗಡ್ಡೆಯನ್ನು ಕುಗ್ಗಿಸು, ಕುಗ್ಗಿದರೆ ರೋಗಿಯದೇ ಆಕರಕೋಶಗಳನ್ನು ತೆಗೆದಿಟ್ಟು, ಅಸ್ಥಿಮಜ್ಜೆಯನ್ನು ಬರಿದು ಮಾಡುವಷ್ಟು ಕೀಮೊ ಕೊಟ್ಟು, ಆ ಕೋಶಗಳನ್ನು ಮರಳಿಸು. ಇದಕ್ಕೆ ಆಧಾರ 1995ರ ಪಾರ್ಮಾ ಪ್ರಯೋಗ. ಕಸಿ ಮಾಡಿಸಿಕೊಂಡವರಲ್ಲಿ ಐದು ವರ್ಷ ಬದುಕಿದವರು ಶೇ 53, ಬರೀ ಕೀಮೊ ಪಡೆದವರಲ್ಲಿ ಶೇ 32. ಇಲ್ಲಿ ಒಂದು ಮುಖ್ಯ ವಿಷಯ ಮರೆಯಾಗುತ್ತದೆ. ಪಾರ್ಮಾಕ್ಕೆ ಸೇರಿಸಿಕೊಂಡದ್ದು 60ರ ಒಳಗಿನವರನ್ನು ಮಾತ್ರ, ಅದರಲ್ಲೂ ಕಸಿಗೆ ಆರಿಸಿದ್ದು ಮರುಕಳಿಸಿದ ಮೇಲೆ ಕೊಟ್ಟ ಕೀಮೊಗೆ ಗಡ್ಡೆ ಕುಗ್ಗಿದವರನ್ನು. ಅದೂ ರಿಟುಕ್ಸಿಮ್ಯಾಬ್ ಬರುವುದಕ್ಕಿಂತ ಹಿಂದಿನ ಕಾಲ. 2010ರಲ್ಲಿ ಬಂದ ಕೋರಲ್ ಅಧ್ಯಯನ ಕಹಿಯಾದ ಸತ್ಯವನ್ನು ಮುಂದಿಟ್ಟಿತು. ಮೊದಲೇ ರಿಟುಕ್ಸಿಮ್ಯಾಬ್ ಪಡೆದಿದ್ದವರಲ್ಲಿ ಮರುಕಳಿಸಿದ ಕಾಯಿಲೆ ಹೆಚ್ಚು ಹಟಮಾರಿ. ಅವರಲ್ಲಿ ಮೂರು ವರ್ಷ ಕಾಯಿಲೆಯ ಕಾಟವಿಲ್ಲದೆ ಉಳಿದವರು ಶೇ 21 ಮಾತ್ರ. ಮೊದಲ ಚಿಕಿತ್ಸೆ ಉತ್ತಮವಾದಷ್ಟೂ ಅದನ್ನು ಮೀರಿ ಬರುವ ಕಾಯಿಲೆ ಕ್ರೂರವಾಗಿರುತ್ತದೆ ಎಂದಾಯಿತು. 2017ರ ಸ್ಕಾಲರ್-1 ವರದಿ ಚಿಕಿತ್ಸೆಗೆ ಮಣಿಯದ 636 ರೋಗಿಗಳನ್ನು ಒಟ್ಟಿಗೆ ನೋಡಿತು. ಅರ್ಧದಷ್ಟು ಮಂದಿ ಸುಮಾರು ಆರು ತಿಂಗಳಲ್ಲಿ ತೀರಿಕೊಂಡಿದ್ದರು. ಎರಡು ವರ್ಷದ ನಂತರ ಬದುಕಿದ್ದವರು ಐವರಲ್ಲಿ ಒಬ್ಬರು.

ಈಗ ಮಾಜಿ ಸೈನಿಕರಿಗೆ ಬರೋಣ. ಲಿಂಫೋಮಾಕ್ಕೂ ಅಮೆರಿಕದ ಸೇನೆಗೂ ಇರುವ ನಂಟು ಹಳೆಯದು. 1962ರಿಂದ 1971ರವರೆಗೆ ಆಪರೇಷನ್ ರಾಂಚ್ ಹ್ಯಾಂಡ್ ಹೆಸರಿನಲ್ಲಿ ಅಮೆರಿಕದ ವಿಮಾನಗಳು ವಿಯೆಟ್ನಾಮಿನ ಕಾಡುಗಳ ಮೇಲೆ ಗಿಡ ಒಣಗಿಸುವ ರಾಸಾಯನಿಕ ಸುರಿದವು. ಅವುಗಳಲ್ಲಿ ಹೆಚ್ಚು ಬಳಕೆಯಾದದ್ದು ಏಜೆಂಟ್ ಆರೆಂಜ್, ಅದರಲ್ಲಿ ಬೆರೆತಿದ್ದ ವಿಷ ಡಯಾಕ್ಸಿನ್. ಮೆಕಾಂಗ್ ಮುಖಜಭೂಮಿಯ ನದಿದಂಡೆಗಳಲ್ಲಿ ಶತ್ರುಗಳು ಅಡಗಿ ಕೂರದಂತೆ ಹಸಿರು ತೆಗೆಯಲು ಆದೇಶಿಸಿದವರು ಅಡ್ಮಿರಲ್ ಎಲ್ಮೊ ಜುಮ್ವಾಲ್ಟ್. ಅದೇ ನದಿಗಳಲ್ಲಿ ಗಸ್ತು ದೋಣಿಯ ಅಧಿಕಾರಿಯಾಗಿದ್ದವರು ಅವರದೇ ಮಗ, ಮೂರನೆಯ ಎಲ್ಮೊ ಜುಮ್ವಾಲ್ಟ್. ಮಗನಿಗೆ 1983ರಲ್ಲಿ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಪತ್ತೆಯಾಯಿತು, ಎರಡು ವರ್ಷದ ಬಳಿಕ ಹಾಡ್ಜ್‌ಕಿನ್ ಲಿಂಫೋಮಾ ಕೂಡ. 1988ರಲ್ಲಿ 42ರ ವಯಸ್ಸಿನಲ್ಲಿ ತೀರಿಕೊಂಡರು. ನಾನಿಲ್ಲಿ ಚರ್ಚಿಸುತ್ತಿರುವುದೂ ನಾನ್-ಹಾಡ್ಜ್‌ಕಿನ್ ಲಿಂಫೋಮಾದ ಒಂದು ಬಗೆ. ಅವರದು ಅದೇ ಬಗೆ ಆಗಿರಲಿಲ್ಲ, ನಿಜ. ತಂದೆಯ ಆದೇಶಕ್ಕೂ ಮಗನ ಕಾಯಿಲೆಗೂ ಸಂಬಂಧವಿದೆಯೆಂದು ಯಾವ ಪ್ರಯೋಗಶಾಲೆಯೂ ಸಾಬೀತು ಮಾಡಲಾರದು. ಆದರೆ ತಂದೆ ಮಗ ಇಬ್ಬರೂ ಅದನ್ನು ನಂಬಿದ್ದರು, ಸೇರಿ ಒಂದು ಪುಸ್ತಕವನ್ನೂ ಬರೆದರು. ಮಗ ಹೋದ ಮೇಲೆ ಅಡ್ಮಿರಲ್ ತಮ್ಮ ಉಳಿದ ಶಕ್ತಿಯನ್ನೆಲ್ಲ ಏಜೆಂಟ್ ಆರೆಂಜ್‌ಗೆ ಸಿಕ್ಕ ಸೈನಿಕರ ಪರ ವಾದಿಸಲು ಹಾಕಿದರು. 1990ರಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿದರು. ಅಮೆರಿಕದ ರಾಷ್ಟ್ರೀಯ ಅಸ್ಥಿಮಜ್ಜೆ ದಾನಿಗಳ ಸಂಸ್ಥೆಯ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ.

ಅದೇ 1990ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಧ್ಯಯನವೂ ಬಂತು. ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದವರಿಗೆ ನಾನ್-ಹಾಡ್ಜ್‌ಕಿನ್ ಲಿಂಫೋಮಾದ ಅಪಾಯ ಸುಮಾರು ಶೇ 50ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. ಅಚ್ಚರಿಯೆಂದರೆ ಅಪಾಯ ಹೆಚ್ಚಾಗಿ ಕಂಡದ್ದು ಸಮುದ್ರದ ಹಡಗುಗಳಲ್ಲಿದ್ದವರಲ್ಲಿ, ಹಾಗಾಗಿ ಏಜೆಂಟ್ ಆರೆಂಜ್ ಮೇಲೆ ನೇರವಾಗಿ ಬೊಟ್ಟು ಮಾಡಲು ಆ ಅಧ್ಯಯನಕ್ಕೆ ಆಗಲಿಲ್ಲ. 1991ರ ಏಜೆಂಟ್ ಆರೆಂಜ್ ಕಾಯ್ದೆಯ ಬಳಿಕ ರಾಷ್ಟ್ರೀಯ ಅಕಾಡೆಮಿಯ ವಿಜ್ಞಾನಿಗಳು ಲಭ್ಯವಿದ್ದ ಎಲ್ಲ ಪುರಾವೆಗಳನ್ನು ತೂಗಿ ನೋಡಿ, ಗಿಡನಾಶಕಕ್ಕೂ ಈ ಕ್ಯಾನ್ಸರಿಗೂ ನಂಟು ಇದೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ ಎಂದರು. ವಿಯೆಟ್ನಾಮಿನಲ್ಲಿದ್ದ ಸೈನಿಕನಿಗೆ ಈ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಸರ್ಕಾರ ಒಪ್ಪಿಕೊಳ್ಳುತ್ತದೆ. ರೋಗಿ ಅದನ್ನು ಸಾಬೀತು ಮಾಡಬೇಕಿಲ್ಲ. ನಾರ್ತ್ ಕ್ಯಾರೊಲೈನಾದ ಕ್ಯಾಂಪ್ ಲೆಜೂನ್ ನೆಲೆಯಲ್ಲಿ 1953ರಿಂದ 1987ರವರೆಗೆ ಕಲುಷಿತ ನೀರು ಕುಡಿದವರಿಗೂ 2017ರಲ್ಲಿ ಈ ಸೌಲಭ್ಯ ಬಂತು. 2022ರ ಆಗಸ್ಟ್‌ನಲ್ಲಿ ಜಾರಿಯಾದ ಪ್ಯಾಕ್ಟ್ ಕಾಯ್ದೆ ಇರಾಕ್, ಅಫ್ಗಾನಿಸ್ತಾನಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದವರನ್ನೂ ಸೇರಿಸಿಕೊಂಡಿತು. ಅದರ ಪ್ರಕಾರ ಯಾವುದೇ ಬಗೆಯ ಲಿಂಫೋಮಾ ಆದರೂ ಸರಿ. ಕಾರಣ ಯಾವುದೇ ಇರಲಿ, ಚಿಕಿತ್ಸೆ ಎಲ್ಲರಿಗೂ ಒಂದೇ. ಈ ಕಾಯ್ದೆಗಳು ಬದಲಿಸಿದ್ದು ಯಾರು ಬಾಗಿಲೊಳಗೆ ಬರಬಹುದು ಎಂಬುದನ್ನು. 1968ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವನಿಗೆ ಈಗ ಎಂಬತ್ತು ಸಮೀಪಿಸುತ್ತಿದೆ. ಆ ಬಾಗಿಲಲ್ಲಿ ನಿಂತಿರುವವರು ಅಂಥವರು.

ಇವರ ಚಿಕಿತ್ಸೆಯ ಚಿತ್ರವನ್ನು ಕಡತಗಳಿಂದ ಹೇಗೆ ತೆಗೆಯುತ್ತಾರೆ ಎಂದು ತಿಳಿದರೆ ಅಂಕಿಗಳನ್ನು ಎಷ್ಟು ನಂಬಬೇಕು ಎಂಬುದೂ ತಿಳಿಯುತ್ತದೆ. ಕ್ಯಾನ್ಸರ್ ಪತ್ತೆಯಾದ ದಿನ ನೋಂದಣಿ ಪುಸ್ತಕದಲ್ಲಿ ಇರುತ್ತದೆ, ಸತ್ತ ದಿನವೂ ಇರುತ್ತದೆ. ಆದರೆ ಮರುಕಳಿಸಿದ ದಿನಕ್ಕೆ ಪ್ರತ್ಯೇಕ ಕಲಮು ಇಲ್ಲ. ಸಂಶೋಧಕರು ಅದನ್ನು ಔಷಧಾಲಯದ ದಾಖಲೆಯಿಂದ ಹುಡುಕಿ ತೆಗೆಯಬೇಕು. ಒಂದು ಕಡತವನ್ನು ಊಹಿಸಿಕೊಳ್ಳಿ. ಮಾರ್ಚ್‌ನಲ್ಲಿ ರಿಟುಕ್ಸಿಮ್ಯಾಬ್, ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟೀನ್, ಪ್ರೆಡ್ನಿಸೋನ್. ಇಪ್ಪತ್ತೊಂದು ದಿನ ಬಿಟ್ಟು ಮತ್ತೆ ಅವೇ. ಹೀಗೆ ಆರು ಸಲ. ಆಮೇಲೆ ಔಷಧಾಲಯದ ಪುಟದಲ್ಲಿ ರಕ್ತದೊತ್ತಡದ ಮಾತ್ರೆ, ಸಕ್ಕರೆ ಮಾತ್ರೆ ಬಿಟ್ಟರೆ ಏನೂ ಇಲ್ಲ. ಏಳೆಂಟು ತಿಂಗಳ ಮೌನ. ಒಂದು ಪೆಟ್ ಸ್ಕ್ಯಾನ್. ಹತ್ತು ದಿನದಲ್ಲಿ ಜೆಮ್‌ಸಿಟಬೀನ್ ಮತ್ತು ಆಕ್ಸಾಲಿಪ್ಲಾಟಿನ್. ಲಿಂಫೋಮಾ ಬಲ್ಲವರು ಈ ಎರಡು ಹೆಸರು ಕಂಡ ಕೂಡಲೇ ಏನಾಗಿದೆ ಎಂದು ಅರ್ಥಮಾಡಿಕೊಳ್ಳುತ್ತಾರೆ. ಕಾಯಿಲೆ ಒಂದು ವರ್ಷದೊಳಗೇ ಮರಳಿದೆ, ಕಸಿಗೆ ಬೇಕಾದ ಉಗ್ರ ಕೀಮೊವನ್ನು ಈ ದೇಹ ತಾಳುವುದಿಲ್ಲ ಎಂದು ವೈದ್ಯರು ತೀರ್ಮಾನಿಸಿದ್ದಾರೆ.

ಇಂಥ ಕಡತಗಳನ್ನು ಒಟ್ಟುಗೂಡಿಸಿದಾಗ ಮೂಡುವ ಚಿತ್ರ ಪಠ್ಯಪುಸ್ತಕದ ಚಿತ್ರಕ್ಕೆ ಹೊಂದುವುದಿಲ್ಲ. ಪುಸ್ತಕದಲ್ಲಿ ಎರಡನೇ ಹಂತಕ್ಕೆ ಒಂದು ರಾಜಮಾರ್ಗವಿದೆ. ಕಡತಗಳಲ್ಲಿ ಕಾಣುವುದು ಹತ್ತಾರು ಕಾಲುದಾರಿಗಳು. ಒಬ್ಬರಿಗೆ ಐಸ್ ಕೀಮೊ, ಇನ್ನೊಬ್ಬರಿಗೆ ಬೆಂಡಾಮುಸ್ಟೀನ್, ಮತ್ತೊಬ್ಬರಿಗೆ ಲೆನಾಲಿಡೊಮೈಡ್ ಮಾತ್ರೆ, ಮಗದೊಬ್ಬರಿಗೆ ರಿಟುಕ್ಸಿಮ್ಯಾಬ್ ಒಂದೇ. ಗಣನೀಯ ಸಂಖ್ಯೆಯ ಜನಕ್ಕೆ ಎರಡನೇ ಚಿಕಿತ್ಸೆಯೇ ಶುರುವಾಗುವುದಿಲ್ಲ. ಆಕರಕೋಶ ಕಸಿಯವರೆಗೆ ಹೋಗುವವರು ಚಿಕ್ಕ ಪಾಲು. ಪ್ರತಿ ಹಂತ ದಾಟಿದಂತೆ ಉಳಿಯುವ ಕಾಲ ಕುಗ್ಗುತ್ತದೆ, ಮುಂದಿನ ಹಂತಕ್ಕೆ ತಲುಪುವವರ ಸಂಖ್ಯೆಯೂ ಕುಗ್ಗುತ್ತದೆ. ಮೂರನೇ ಹಂತಕ್ಕೆ ಮೀಸಲಾದ ಒಳ್ಳೆಯ ಔಷಧ ಇದೆ ಎಂದರೆ ಅದು ಎರಡನೇ ಹಂತದಲ್ಲೇ ಸೋತುಹೋದವನಿಗೆ ಇಲ್ಲ ಎಂದೇ ಅರ್ಥ. ಕಾಯಿಲೆ ಮರಳುವ ಸಮಯವೂ ಭವಿಷ್ಯ ಹೇಳುತ್ತದೆ. ಮೊದಲ ಚಿಕಿತ್ಸೆಯಾಗಿ ಎರಡು ವರ್ಷ ಮರುಕಳಿಸದಿದ್ದವರ ಆಯುಷ್ಯ ಅದೇ ವಯಸ್ಸಿನ ಸಾಮಾನ್ಯ ಜನರಿಗೆ ಬಹಳ ಹತ್ತಿರ ಬರುತ್ತದೆ. ವರ್ಷದೊಳಗೆ ಮರುಕಳಿಸಿದರೆ ಹಳೆಯ ಕೀಮೊಗಳಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ.

2017ರ ಅಕ್ಟೋಬರಿನಲ್ಲಿ ಈ ಚಿತ್ರ ಬದಲಾಗಬಹುದಾದ ಬೆಳವಣಿಗೆ ಆಯಿತು. ಕಾರ್-ಟಿ ಚಿಕಿತ್ಸೆಗೆ ದೊಡ್ಡವರ ಲಿಂಫೋಮಾದಲ್ಲಿ ಮೊದಲ ಅನುಮತಿ ಸಿಕ್ಕಿತು. ರೋಗಿಯ ರಕ್ತದಿಂದ ಟಿ ಜೀವಕೋಶಗಳನ್ನು ತೆಗೆದು, ಲಿಂಫೋಮಾ ಜೀವಕೋಶದ ಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯುವಂತೆ ಅವುಗಳ ಜೀನ್ ತಿದ್ದಿ, ಬೆಳೆಸಿ, ಮರಳಿ ದೇಹಕ್ಕೆ ಬಿಡುವ ವಿಧಾನ ಇದು. ಜುಮಾ-1 ಎಂಬ ಮೊದಲ ಪ್ರಯೋಗದಲ್ಲಿ ಎಲ್ಲ ಚಿಕಿತ್ಸೆಗಳೂ ಸೋತಿದ್ದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆ ಪೂರ್ತಿ ಮಾಯವಾಯಿತು. ಐದು ವರ್ಷದ ಬಳಿಕವೂ ಶೇ 40ಕ್ಕಿಂತ ಹೆಚ್ಚು ಮಂದಿ ಬದುಕಿದ್ದರು. ಸ್ಕಾಲರ್-1ರ ಆರು ತಿಂಗಳ ಅಂಕಿಯನ್ನು ನೆನಪಿಟ್ಟುಕೊಂಡು ಇದನ್ನು ಓದಬೇಕು. ಆಮೇಲೆ ಬಂದ ಜುಮಾ-7 ಇದೇ ಚಿಕಿತ್ಸೆಯನ್ನು ಮೊದಲ ಮರುಕಳಿಕೆಯಲ್ಲೇ, ವರ್ಷದೊಳಗೆ ಕಾಯಿಲೆ ಮರಳಿದವರಿಗೆ ಕೊಟ್ಟು ಕಸಿಯೊಂದಿಗೆ ಹೋಲಿಸಿತು. ನಾಲ್ಕು ವರ್ಷದ ಹೊತ್ತಿಗೆ ಕಾರ್-ಟಿ ಗುಂಪಿನಲ್ಲಿ ಶೇ 54.6 ಮಂದಿ ಬದುಕಿದ್ದರು, ಇನ್ನೊಂದರಲ್ಲಿ ಶೇ 46. ಆ ಇನ್ನೊಂದು ಗುಂಪಿನಲ್ಲಿ ಅರ್ಧಕ್ಕೂ ಹೆಚ್ಚು ಜನ ಮುಂದೆ ಕಾರ್-ಟಿ ಪಡೆದಿದ್ದರೂ ಈ ಅಂತರ ಉಳಿಯಿತು. ನನಗೆ ಇದಕ್ಕಿಂತ ಮುಖ್ಯವಾಗಿ ಕಂಡದ್ದು ಬೇರೆ ಅಂಕಿ. ಕಸಿ ಗುಂಪಿಗೆ ಸೇರಿದವರಲ್ಲಿ ಕಸಿಯವರೆಗೆ ತಲುಪಿದವರು ಮೂವರಲ್ಲಿ ಒಬ್ಬರು, ಅಷ್ಟೇ. ಕಾರ್-ಟಿ ಗುಂಪಿನಲ್ಲಿ ಶೇ 94 ಮಂದಿಗೆ ಚಿಕಿತ್ಸೆ ತಲುಪಿತು. ಜಗತ್ತಿನ ಅತ್ಯುತ್ತಮ ಆಸ್ಪತ್ರೆಗಳಲ್ಲಿ, ಆರಿಸಿ ತೆಗೆದ ರೋಗಿಗಳಲ್ಲೇ ಕಸಿಯ ದಾರಿ ಇಷ್ಟು ಕಿರಿದು. ವೆಟರನ್ಸ್ ಆಸ್ಪತ್ರೆಯ ಎಪ್ಪತ್ತರ ಮುದುಕನಿಗೆ ಅದು ಇನ್ನೆಷ್ಟು ಕಿರಿದು ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಕಾರ್-ಟಿ ಬೇಡುವುದೂ ಕಡಿಮೆಯೇನಲ್ಲ. ಜೀವಕೋಶ ತೆಗೆದ ದಿನದಿಂದ ಸಿದ್ಧವಾಗಿ ಬರುವ ತನಕ ಮೂರು ನಾಲ್ಕು ವಾರ ಹಿಡಿಯಬಹುದು. ಅಷ್ಟು ದಿನ ಕಾಯಿಲೆಯನ್ನು ಹಿಡಿದಿಡಬೇಕು. ಜೀವಕೋಶಗಳನ್ನು ದೇಹಕ್ಕೆ ಹನಿಸಿದ ಮೇಲೆ ಮೊದಲ ಎರಡು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ಏಕೆಂದರೆ ಹುರುಪೇರಿದ ಟಿ ಜೀವಕೋಶಗಳಿಂದ ತೀವ್ರ ಜ್ವರ, ರಕ್ತದೊತ್ತಡ ಕುಸಿತ, ಮಿದುಳಿನ ಗೊಂದಲ ಉಂಟಾಗಬಹುದು. ಮಿದುಳಿನ ತೊಂದರೆ ಹಿಡಿಯಲು ಮಾಡುವ ಪರೀಕ್ಷೆ ಬಹಳ ಸರಳ. ನರ್ಸ್ ಹಾಸಿಗೆಯ ಬಳಿ ಬಂದು ಇದು ಯಾವ ವರ್ಷ, ಯಾವ ತಿಂಗಳು, ಯಾವ ಊರು, ಯಾವ ಆಸ್ಪತ್ರೆ ಎಂದು ಕೇಳುತ್ತಾರೆ. ಎದುರಿಗಿರುವ ಮೂರು ವಸ್ತುಗಳ ಹೆಸರು ಹೇಳಿಸುತ್ತಾರೆ. ಒಂದು ಸೂಚನೆ ಕೊಟ್ಟು ಪಾಲಿಸಲು ಹೇಳುತ್ತಾರೆ. ನೂರರಿಂದ ಹತ್ತು ಹತ್ತಾಗಿ ಹಿಂದಕ್ಕೆ ಎಣಿಸಲು ಹೇಳುತ್ತಾರೆ. ಕೊನೆಗೆ ಒಂದು ವಾಕ್ಯ ಬರೆಯಿಸುತ್ತಾರೆ. ಹತ್ತಕ್ಕೆ ಹತ್ತು ಅಂಕ. ನಿನ್ನೆ ನೆಟ್ಟಗೆ ಬರೆದ ವಾಕ್ಯ ಇಂದು ಸೊಟ್ಟಗಾಗಿ ಅರ್ಧಕ್ಕೇ ನಿಂತರೆ, ರೋಗಿ ಚೆನ್ನಾಗಿದ್ದೇನೆ ಎಂದರೂ ವೈದ್ಯರು ಸ್ಟಿರಾಯ್ಡ್ ಶುರು ಮಾಡಬೇಕೇ ಎಂದು ಯೋಚಿಸುತ್ತಾರೆ. ಮೊದಲೇ ಮರೆವು, ಮೊದಲೇ ನಿದ್ರಾಹೀನತೆ, ಮೊದಲೇ ಯುದ್ಧದ ದುಃಸ್ವಪ್ನ ಇರುವ ಮಾಜಿ ಸೈನಿಕನಲ್ಲಿ ಯಾವುದು ಹಳೆಯದು, ಯಾವುದು ಹೊಸದು ಎಂದು ಬೇರ್ಪಡಿಸಲು ಅನುಭವಿ ಕಣ್ಣು ಬೇಕು. ಪಕ್ಕದಲ್ಲಿ ಮನೆಯವರೂ ಬೇಕು. ಒಂಟಿಯಾಗಿ ಬದುಕುವ ಮಾಜಿ ಸೈನಿಕರು ಕಡಿಮೆಯಿಲ್ಲ. ಜೊತೆಗೆ ನಿಲ್ಲುವವರು ಇಲ್ಲ ಎಂಬ ಒಂದೇ ಕಾರಣಕ್ಕೆ ಈ ಚಿಕಿತ್ಸೆ ಕೈತಪ್ಪಬಹುದು.

ದೂರದ ಮಾತು ಇನ್ನೂ ಕಠಿಣ. ವೆಟರನ್ಸ್ ವ್ಯವಸ್ಥೆಯಲ್ಲಿ ನೋಂದಾಯಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಹಳ್ಳಿಗಾಡಿನವರು. ಕಸಿ ಮಾಡುವ ವೆಟರನ್ಸ್ ಆಸ್ಪತ್ರೆಗಳು ಬೆರಳೆಣಿಕೆಯಷ್ಟು. ನ್ಯಾಶ್‌ವಿಲ್, ಸಿಯಾಟಲ್, ಸ್ಯಾನ್ ಆಂಟೊನಿಯೊ ಹೆಸರುಗಳೇ ಮತ್ತೆ ಮತ್ತೆ ಕೇಳಿಬರುತ್ತವೆ. ಕಾರ್-ಟಿಯನ್ನು ವೆಟರನ್ಸ್ ವ್ಯವಸ್ಥೆಯೊಳಗೇ ಕೊಡಲು ಮುಂದಾದದ್ದು ಟೆನೆಸಿಯ ನ್ಯಾಶ್‌ವಿಲ್. ಮೊಂಟಾನಾದ ಸಣ್ಣ ಊರಿನವನು ಅಲ್ಲಿಗೆ ಹೋಗಬೇಕೆಂದರೆ ದೇಶದ ಅರ್ಧವನ್ನು ದಾಟಬೇಕು. 2018ರ ಮಿಷನ್ ಕಾಯ್ದೆಯ ಪ್ರಕಾರ ತಜ್ಞರ ಬಳಿಗೆ ಹೋಗಲು ಒಂದು ಗಂಟೆಗಿಂತ ಹೆಚ್ಚು ಕಾರಿನ ಪ್ರಯಾಣವಿದ್ದರೆ, ಅಥವಾ 28 ದಿನಕ್ಕಿಂತ ಹೆಚ್ಚು ಕಾಯಬೇಕಿದ್ದರೆ ಸರ್ಕಾರದ ಖರ್ಚಿನಲ್ಲೇ ಹೊರಗಿನ ಆಸ್ಪತ್ರೆಗೆ ಹೋಗಬಹುದು. ಕಾಗದದ ಮೇಲೆ ಇದು ಉದಾರ ನಿಯಮ. ಆದರೆ ವಾರಗಳಲ್ಲಿ ದುಪ್ಪಟ್ಟಾಗುವ ಕಾಯಿಲೆಯಲ್ಲಿ ಅನುಮತಿ, ಕಡತ ವರ್ಗಾವಣೆ, ಹೊಸ ವೈದ್ಯರ ಮೊದಲ ಭೇಟಿ ಎಂದು ಕಳೆಯುವ ಪ್ರತಿ ವಾರವೂ ಲೆಕ್ಕಕ್ಕೆ ಬರುತ್ತದೆ. ಚಿಕಿತ್ಸೆಯ ಬಳಿಕ ನಾಲ್ಕು ವಾರ ಆಸ್ಪತ್ರೆಯಿಂದ ಎರಡು ಗಂಟೆಯೊಳಗೇ ಇರಬೇಕು, ಎಂಟು ವಾರ ಕಾರು ಓಡಿಸಬಾರದು ಎಂಬ ನಿಯಮವೂ ಇತ್ತು. 2025ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎರಡನ್ನೂ ಎರಡು ವಾರಕ್ಕೆ ಇಳಿಸಿತು. ಹಳ್ಳಿಯ ಮಾಜಿ ಸೈನಿಕನ ಪಾಲಿಗೆ ಈ ಒಂದು ತಿದ್ದುಪಡಿ ಹೊಸ ಔಷಧವೊಂದಕ್ಕೆ ಸಮ ಎಂದು ನಾನು ನಂಬುತ್ತೇನೆ.

ವಯಸ್ಸಿನ ಬಗ್ಗೆಯೂ ಭಾವನೆ ಬದಲಾಗಬೇಕಾಗಿದೆ. ಕಸಿ ತಾಳಲಾರದವರು ಕಾರ್-ಟಿಯನ್ನೂ ತಾಳಲಾರರು ಎಂದು ಬಹಳ ದಿನ ಅಂದುಕೊಂಡಿದ್ದರು. ಪೈಲಟ್ ಎಂಬ ಅಧ್ಯಯನ ಕಸಿಗೆ ಒಗ್ಗದವರನ್ನೇ ಹುಡುಕಿ ಎರಡನೇ ಹಂತದಲ್ಲಿ ಲಿಸೊ-ಸೆಲ್ ಎಂಬ ಕಾರ್-ಟಿ ಕೊಟ್ಟಿತು. ಅವರ ಮಧ್ಯಮ ವಯಸ್ಸು 74. ಐವರಲ್ಲಿ ನಾಲ್ವರಿಗೆ ಗಡ್ಡೆ ಕುಗ್ಗಿತು, ಅರ್ಧಕ್ಕಿಂತ ಹೆಚ್ಚು ಮಂದಿಗೆ ಪೂರ್ತಿ ಕರಗಿತು. ಈ ವಿಷಯದ ಪ್ರಯೋಗಗಳಲ್ಲಿ ಮಾಜಿ ಸೈನಿಕರಿಗೆ ಅತಿ ಹತ್ತಿರದ್ದು ಯಾವುದು ಎಂದು ಕೇಳಿದರೆ ನಾನು ಹೆಸರಿಸುವುದು ಇದನ್ನೇ.

ಕಾರ್-ಟಿಯವರೆಗೆ ಹೋಗಲಾಗದವರಿಗೆ ಈಗ ಬೇರೆ ಬಾಗಿಲುಗಳೂ ಇವೆ. 2019ರಿಂದ 2021ರ ನಡುವೆ ಪೊಲಾಟುಜುಮ್ಯಾಬ್, ಟಾಫಾಸಿಟಾಮ್ಯಾಬ್, ಲೋನ್‌ಕಾಸ್ಟುಕ್ಸಿಮ್ಯಾಬ್ ಒಂದರ ಹಿಂದೊಂದು ಬಂದವು. ಇವುಗಳನ್ನು ಎಷ್ಟು ಹೊಗಳಬೇಕೋ ಅಷ್ಟೇ ಹೊಗಳಬೇಕು. ಕಾಲ ಕೊಡುತ್ತವೆ, ಕೆಲವರಿಗೆ ವರ್ಷಗಳನ್ನೇ ಕೊಡುತ್ತವೆ, ಗುಣವಾಗುವ ಭರವಸೆ ಕಡಿಮೆ. ನನಗೆ ಹೆಚ್ಚು ಆಸೆ ಹುಟ್ಟಿಸಿರುವುದು 2023ರಲ್ಲಿ ಅನುಮತಿ ಪಡೆದ ಎಪ್ಕೊರಿಟಾಮ್ಯಾಬ್ ಮತ್ತು ಗ್ಲೋಫಿಟಾಮ್ಯಾಬ್. ಇವು ಎರಡು ಕೈಗಳ ಪ್ರತಿಕಾಯಗಳು. ಒಂದು ಕೈ ಲಿಂಫೋಮಾ ಜೀವಕೋಶವನ್ನು ಹಿಡಿಯುತ್ತದೆ, ಇನ್ನೊಂದು ರೋಗಿಯದೇ ಟಿ ಜೀವಕೋಶವನ್ನು ಎಳೆದು ತರುತ್ತದೆ. ಜೀವಕೋಶ ತೆಗೆಯುವುದಿಲ್ಲ, ಕಾರ್ಖಾನೆಗೆ ಕಳಿಸುವುದಿಲ್ಲ, ವಾರಗಟ್ಟಲೆ ಕಾಯುವುದಿಲ್ಲ. ಔಷಧಾಲಯದ ಕಪಾಟಿನಲ್ಲೇ ಇರುತ್ತವೆ. ಹಲವು ಚಿಕಿತ್ಸೆಗಳು ಸೋತಿದ್ದ ರೋಗಿಗಳಲ್ಲೂ ಎರಡೂ ಔಷಧಗಳಿಂದ ಶೇ 39ರಷ್ಟು ಮಂದಿಗೆ ಕಾಯಿಲೆ ಪೂರ್ತಿ ಮರೆಯಾಯಿತು. ಎಪ್ಕೊರಿಟಾಮ್ಯಾಬ್ ಚರ್ಮದ ಕೆಳಗೆ ಕೊಡುವ ಚುಚ್ಚುಮದ್ದು. ಮೊದಲ ಕೆಲವು ಸಲ ಎಚ್ಚರ ಬೇಕು. ಆಮೇಲೆ ಊರ ಹತ್ತಿರದ ಕ್ಲಿನಿಕ್‌ನಲ್ಲೇ ಮುಂದುವರಿಸಬಹುದು. ವೆಟರನ್ಸ್ ವ್ಯವಸ್ಥೆ ಈಗಾಗಲೇ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿದ 'ಕ್ಲೋಸ್ ಟು ಮಿ' ಯೋಜನೆಯ ಮೂಲಕ ನರ್ಸ್‌ಗಳನ್ನೇ ಸಣ್ಣ ಕ್ಲಿನಿಕ್‌ಗಳಿಗೆ ಕಳಿಸಿ ಕ್ಯಾನ್ಸರ್ ಔಷಧ ಕೊಡಿಸುತ್ತಿದೆ. ಆ ಜಾಲ ಮತ್ತು ಈ ಔಷಧಗಳು ಒಂದನ್ನೊಂದು ಸೇರಿದರೆ ಸಾವಿರಾರು ಮೈಲಿ ದೂರದ ಸಮಸ್ಯೆ ಬಹಳಷ್ಟು ಕರಗುತ್ತದೆ.

ಸಮಾನ ಸೌಲಭ್ಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಪ್ರಾಸ್ಟೇಟ್ ಕ್ಯಾನ್ಸರ್‌ನ ಉದಾಹರಣೆ ಬೆಳಕು ಚೆಲ್ಲುತ್ತದೆ. ಅಮೆರಿಕದ ಒಟ್ಟು ಜನಸಂಖ್ಯೆಯಲ್ಲಿ ಕಪ್ಪು ಜನಾಂಗದ ಗಂಡಸರು ಅದರಿಂದ ಸಾಯುವ ಪ್ರಮಾಣ ಬಿಳಿಯರ ಸುಮಾರು ಎರಡು ಪಟ್ಟು. ವೆಟರನ್ಸ್ ವ್ಯವಸ್ಥೆಯ 60 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ 2020ರ ಅಧ್ಯಯನದಲ್ಲಿ ಆ ಅಂತರ ಕಾಣಲಿಲ್ಲ. ಲಿಂಫೋಮಾದ ಕಡೆ ಇದೇ ದಾಖಲೆಗಳಿಂದ ಬಂದ ಅನಿರೀಕ್ಷಿತ ಫಲಿತಾಂಶವೊಂದಿದೆ. 2,534 ಮಾಜಿ ಸೈನಿಕರ 2012ರ ಅಧ್ಯಯನದಲ್ಲಿ ಮೈತೂಕ ಹೆಚ್ಚಿದ್ದವರು ಹೆಚ್ಚು ಕಾಲ ಬದುಕಿದರು. ದಪ್ಪಗಿರುವುದು ಒಳ್ಳೆಯದು ಎಂದು ಇದರ ಅರ್ಥವಲ್ಲ. ಕಾಯಿಲೆ ತೂಕವನ್ನು ತಿಂದುಹಾಕುವ ಮೊದಲೇ ಪತ್ತೆಯಾದವರು ಉಳಿದರು ಎಂದು ಓದುವುದು ಹೆಚ್ಚು ವಿವೇಕ.

ಈ ದಾಖಲೆಗಳ ಕೊರತೆಗಳನ್ನೂ ಹೇಳಬೇಕು. ಹೊರಗಿನ ಆಸ್ಪತ್ರೆಗೆ ಹೋದವನ ಚಿಕಿತ್ಸೆ ಒಳಗಿನ ಕಡತದಲ್ಲಿ ಪೂರ್ತಿ ಮೂಡುವುದಿಲ್ಲ. ಮಿಷನ್ ಕಾಯ್ದೆಯ ನಂತರ ಈ ತೂತು ದೊಡ್ಡದಾಗಿದೆ, ಕಾರ್-ಟಿಯ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು. ಹೆಂಗಸರ ಸಂಖ್ಯೆ ಕಡಿಮೆ, ಆದ್ದರಿಂದ ಅವರ ಬಗ್ಗೆ ಏನೂ ಗಟ್ಟಿಯಾಗಿ ಹೇಳಲಾಗದು. ಕಸಿಯಾದವರು ಹೆಚ್ಚು ಬದುಕಿದರು ಎಂಬ ಮಾತಿನಲ್ಲೂ ಒಂದು ಬಲೆ ಇದೆ. ಕಸಿಯ ದಿನದವರೆಗೆ ಬದುಕಿದ್ದವರಿಗೆ ಮಾತ್ರ ಕಸಿಯಾಗಿರುತ್ತದೆ, ಅದಕ್ಕೆ ಮೊದಲೇ ಸತ್ತವರು ಇನ್ನೊಂದು ಗುಂಪಿನ ಲೆಕ್ಕಕ್ಕೆ ಹೋಗಿರುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ವೆಟರನ್ಸ್ ವ್ಯವಸ್ಥೆ ಉಳಿದ ಅಮೆರಿಕಕ್ಕಿಂತ ಮುಂದಿದೆ. ಅದಕ್ಕೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ. ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯಡಿ ಅಂತ್ಯಕಾಲದ ಹಾಸ್ಪಿಸ್ ಆರೈಕೆ ಬೇಕೆಂದರೆ ಕ್ಯಾನ್ಸರಿನ ಚಿಕಿತ್ಸೆಯನ್ನು ಬಿಟ್ಟುಕೊಡಬೇಕು. ಮಾಜಿ ಸೈನಿಕರಿಗೆ ಆ ಷರತ್ತಿಲ್ಲ, ಎರಡೂ ಒಟ್ಟಿಗೆ ಸಿಗುತ್ತವೆ. ಮರುಕಳಿಸಿದ ಲಿಂಫೋಮಾದಲ್ಲಿ ಇದರ ಬೆಲೆ ದೊಡ್ಡದು. ನೋವಿಗೆ, ಉಸಿರಾಟದ ತೊಂದರೆಗೆ ಒಳ್ಳೆಯ ಆರೈಕೆ ಪಡೆಯಲು ರೋಗಿ ಮೊದಲು ಆಸೆ ಬಿಟ್ಟೆನೆಂದು ಸಹಿ ಹಾಕಬೇಕಿಲ್ಲ.

ನಮ್ಮ ಕಡೆಗೆ ಬಂದರೆ, ಕಾರ್-ಟಿ ಈಗ ದೂರದ ಮಾತಲ್ಲ. ಅಮೆರಿಕದಲ್ಲಿ 2017ರಲ್ಲಿ ಒಂದು ಚಿಕಿತ್ಸೆಗೆ 3.73 ಲಕ್ಷ ಡಾಲರ್ ಬೆಲೆ ಇಟ್ಟಿದ್ದರು. ಐಐಟಿ ಬಾಂಬೆಯಲ್ಲಿ ಹುಟ್ಟಿದ ನೆಕ್ಸ್‌ಕಾರ್19ಗೆ 2023ರ ಅಕ್ಟೋಬರಿನಲ್ಲಿ ಭಾರತದ ಅನುಮತಿ ಸಿಕ್ಕಿತು. ಬೆಂಗಳೂರಿನ ಇಮ್ಯೂನೀಲ್ ಸಂಸ್ಥೆ ತನ್ನ ಕಾರ್ಟೆಮಿಯನ್ನು 2025ರ ಜನವರಿಯಲ್ಲಿ ಮಾರುಕಟ್ಟೆಗೆ ತಂದಿತು. ಬೆಲೆ ಅಮೆರಿಕದ ಒಂದು ಸಣ್ಣ ಪಾಲು. ಆದರೂ ಅದು ಲಕ್ಷಗಳ ಮಾತು, ಪಿಂಚಣಿದಾರನ ಕೈಗೆ ಎಟುಕದ್ದು. ಕೊಡಗಿನಲ್ಲಿ, ಬೆಳಗಾವಿಯಲ್ಲಿ ಊರೂರಿಗೆ ಮಾಜಿ ಸೈನಿಕರ ಮನೆಗಳಿವೆ. ಅವರ ಆರೋಗ್ಯದ ಹೊಣೆ ಹೊತ್ತಿರುವ ಇಸಿಎಚ್‌ಎಸ್ ಯೋಜನೆ 2003ರಿಂದ ನಡೆಯುತ್ತಿದೆ, ಅವಲಂಬಿತರೂ ಸೇರಿ 50 ಲಕ್ಷಕ್ಕೂ ಹೆಚ್ಚು ಫಲಾನುಭವಿಗಳಿದ್ದಾರೆ. ಇಷ್ಟು ಜನರ ಚಿಕಿತ್ಸೆಗೆ ಹಣ ಕೊಡುವ ಯೋಜನೆಯ ಕೈಯಲ್ಲಿ ಅವರು ಪಡೆದ ಔಷಧಗಳ ಬಿಲ್ಲುಗಳಿವೆ. ಹೆಸರು ತೆಗೆದು, ಕ್ಯಾನ್ಸರಿನ ಬಗೆ, ಮೊದಲ ಚಿಕಿತ್ಸೆ, ಮರುಕಳಿಸಿದ ದಿನ, ಎರಡನೇ ಚಿಕಿತ್ಸೆ, ಬದುಕಿದ ಕಾಲ ಇಷ್ಟನ್ನು ಸಂಶೋಧಕರಿಗೆ ಒದಗಿಸಿದರೆ ನಮ್ಮ ಸೈನಿಕರ ಬಗ್ಗೆ ನಮಗೇ ತಿಳಿಯುತ್ತದೆ. ಅಮೆರಿಕದವರು ಮರುಕಳಿಸಿದ ದಿನವನ್ನು ಔಷಧದ ಹೆಸರಿನಿಂದ ಊಹಿಸಬೇಕಾಗಿ ಬಂತು. ನಾವು ಆ ಕಲಮನ್ನು ಮೊದಲ ದಿನವೇ ಇಟ್ಟುಕೊಳ್ಳಬಹುದು. ಇಸಿಎಚ್‌ಎಸ್ ನಡೆಸುವವರು ದಯವಿಟ್ಟು ಇದನ್ನು ಕೈಗೆತ್ತಿಕೊಳ್ಳಬೇಕು.

ನಿಮ್ಮ ಮನೆಯಲ್ಲಿ ಈ ಕಾಯಿಲೆಗೆ ಚಿಕಿತ್ಸೆ ಮುಗಿಸಿದವರಿದ್ದರೆ, ಅವರು ಮಾಜಿ ಸೈನಿಕರಾಗಿರಲಿ ಇಲ್ಲದಿರಲಿ, ಮೊದಲ ಎರಡು ವರ್ಷ ತಪಾಸಣೆ ತಪ್ಪಿಸಬೇಡಿ. ಮರುಕಳಿಸಿದೆ ಎಂಬ ವರದಿ ಕೈಗೆ ಬಂದ ವಾರವೇ, ಮತ್ತೊಂದು ಸುತ್ತು ಕೀಮೊ ಮುಗಿಯಲಿ ಎಂದು ಕಾಯದೆ, ಕಾರ್-ಟಿ ಮತ್ತು ಕಸಿ ಎರಡನ್ನೂ ಮಾಡುವ ಕೇಂದ್ರಕ್ಕೆ ಕಡತ ಕಳಿಸಿ ಎಂದು ನಿಮ್ಮ ವೈದ್ಯರನ್ನು ಕೇಳಿ.